ಬ್ಯಾಟ್ರಿ ಹಿಡಿದವ ಎಲ್ಲಿ ನಿಂತಿದ್ದ?

ಕಳೆದ ದೀಪಾವಳಿ ಮುಗಿದ ವಾರ ಅಪ್ಪಯ್ಯನನ್ನು ಶಿರಸಿಯಿಂದ ಪುಣೆಗೆ ಕರೆದುಕೊಂಡು ಬಂದೆ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಕಣ್ಣಿನ ಒಳಗೆ ಒಮ್ಮೆ ಸರಿಯಾಗಿ ತೋರಿಸಿಬಿಡಿ ಎಂದು ಊರಿನ ಡಾಕ್ಟರು ಎರಡು ಸಲ ಹೇಳಿ ಮೂರನೆಯ ಸಲ ಗದರಿಸಿದ್ದರು. ಇಲ್ಲಿನ ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಹನಿ ಹಾಕಿ ಮುಕ್ಕಾಲು ಗಂಟೆ ಕೂರಿಸಿದರು. ಪಾಪೆ ಅಗಲವಾದ ಮೇಲೆ ಒಳಗೆ ಕರೆದರು. ಕೋಣೆ ಕತ್ತಲೆ ಮಾಡಿ, ಡಾಕ್ಟರು ಹಣೆಗೆ ಒಂದು ದೀಪ ಬಿಗಿದುಕೊಂಡು, ಕೈಯಲ್ಲೊಂದು ಮಸೂರ ಹಿಡಿದು, ಅಪ್ಪಯ್ಯನ ಮುಖದ ಹತ್ತಿರ ಬಾಗಿ ತುಂಬ ಹೊತ್ತು ನೋಡಿದರು. ಮೇಲೆ ನೋಡಿ, ಕೆಳಗೆ ನೋಡಿ, ಮೂಗಿನ ಕಡೆ ನೋಡಿ. ಕೊನೆಗೆ, ಸಣ್ಣ ಬದಲಾವಣೆ ಶುರುವಾಗಿದೆ, ಈಗಲೇ ಹೆದರುವಂಥದ್ದಿಲ್ಲ, ಆರು ತಿಂಗಳಿಗೊಮ್ಮೆ ತಪ್ಪಿಸಬೇಡಿ ಎಂದರು.

ರಿಕ್ಷಾದಲ್ಲಿ ಕೂತ ಮೇಲೆ ಅಪ್ಪಯ್ಯ ಹೇಳಿದ ಮೊದಲ ಮಾತು: "ಡಾಕ್ಟ್ರೂ ಹಣೆಗೇ ಬ್ಯಾಟ್ರಿ ಕಟ್ಕಂಡಿದ್ರು, ಅಲ್ದಾ?"

ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಎನ್ನುತ್ತಾರೆ. ಆ ಮಾತಿನ ಅರ್ಥ ನನಗೆ ಅರೆಕ್ಷಣದಲ್ಲಿ ಹೊಳೆಯಿತು, ನಾವಿಬ್ಬರೂ ನಕ್ಕೆವು. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಹನಿ ಹಾಕಿದ ಕಣ್ಣಿಗೆ ಸಂಜೆಯವರೆಗೂ ಬೆಳಕು ಚುಚ್ಚುತ್ತದೆ. ಪೇಪರ್ ಓದುವಂತಿಲ್ಲ, ಟಿವಿ ನೋಡುವಂತಿಲ್ಲ. ಹೆಂಡತಿ ಮಗಳು ಯಾವುದೋ ಹುಟ್ಟುಹಬ್ಬಕ್ಕೆ ಹೋಗಿದ್ದರು. ಅಪ್ಪಯ್ಯ ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದ ಮೂಲೆಯಲ್ಲಿ ಕೂತಿದ್ದ. ನಾನು ದೀಪ ಆರಿಸಿ, ಪರದೆ ಎಳೆದು, ಸುಮ್ಮನೆ ಕೂರಲಾಗದೆ, ಸಣ್ಣ ದನಿಯಲ್ಲಿ ನನ್ನ ಹಳೆಯ ಮೆಚ್ಚಿನ ಸಿನಿಮಾ ಹಾಕಿದೆ. ರಿಡ್ಲಿ ಸ್ಕಾಟ್‌ನ 'ಬ್ಲೇಡ್ ರನ್ನರ್', 1982ರದ್ದು. ಎಂಟೆಕ್ ಮಾಡುವಾಗ ಹಾಸ್ಟೆಲಿನಲ್ಲಿ ಮೊದಲ ಸಲ ನೋಡಿದ್ದು. ಎಷ್ಟು ಸಲ ನೋಡಿದ್ದೇನೆಂದು ಲೆಕ್ಕವಿಟ್ಟಿಲ್ಲ.

"ಎಂತ ನೋಡ್ತಾ ಇದ್ದೆ?" ಅಪ್ಪಯ್ಯ ಕೇಳಿದ.

"ಇಂಗ್ಲಿಷ್ ಸಿನಿಮಾ ಅಪ್ಪಯ್ಯ. ಒಂದು ಗೂಬೆ ಬಂತು ಈಗ. ಯಂತ್ರದ ಗೂಬೆ. ಅದರ ಕಣ್ಣು ಹೊಳೀತಾ ಇದೆ, ಕೆಂಡದ ಹಾಗೆ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಬ್ಯಾಟ್ರಿ ಹಿಡಿದವ ಎಲ್ಲಿ ನಿಂತಿದ್ದ?"

ಈ ಸಿನಿಮಾದ ಬಗ್ಗೆ ನಾನು ಓದಿರುವ ಬರಹಗಳಲ್ಲಿ ಯಾರೂ ಇಷ್ಟು ನೇರವಾಗಿ ಈ ಪ್ರಶ್ನೆ ಕೇಳಿದ್ದು ನೆನಪಿಲ್ಲ.

*

ನಾನು ಆರನೆಯ ಇಯತ್ತೆಯಲ್ಲಿದ್ದಾಗ ಅಪ್ಪಯ್ಯ ರಾತ್ರಿ ತೋಟಕ್ಕೆ ಹೋಗುವಾಗ ಒಮ್ಮೊಮ್ಮೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಬಾಳೆಗೊನೆಗೆ ಕಬ್ಬೆಕ್ಕು ಬರುತ್ತಿತ್ತು, ಗಡ್ಡೆಗೆ ಹಂದಿ ಬರುತ್ತಿತ್ತು. ನನ್ನ ಕೈಗೆ ಮೂರು ಸೆಲ್ಲಿನ ಉದ್ದ ಬ್ಯಾಟ್ರಿ. ನಾನು ಅದನ್ನು ಸೊಂಟದ ಎತ್ತರಕ್ಕೆ ಹಿಡಿದು ಬೆಳಕನ್ನು ಅಡಿಕೆ ಮರಗಳ ನಡುವೆ ಗರಗರ ತಿರುಗಿಸುತ್ತಿದ್ದೆ. ಏನೂ ಕಾಣುತ್ತಿರಲಿಲ್ಲ. ಅಪ್ಪಯ್ಯ ನನ್ನ ಮಣಿಕಟ್ಟು ಹಿಡಿದು ಮೇಲಕ್ಕೆತ್ತಿ ಬ್ಯಾಟ್ರಿಯನ್ನು ನನ್ನ ಕಿವಿಯ ಪಕ್ಕಕ್ಕೆ ತಂದು ಇಟ್ಟ. "ಸೊಂಟದ ಹತ್ರ ಹಿಡಿಯಡ. ಕಿವಿ ಹತ್ರ ಹಿಡಿ. ಆವಾಗ ಕಣ್ಣು ಕಾಣ್ತು."

ಹಿಡಿದೆ. ಎದುರಿನ ಧರೆಯ ಮೇಲೆ ಎರಡು ಹಸಿರು ಚುಕ್ಕೆ ಫಕ್ಕನೆ ಹೊತ್ತಿಕೊಂಡವು. ಅವು ಅಷ್ಟು ಹೊತ್ತೂ ಅಲ್ಲೇ ಇದ್ದವು, ನನ್ನನ್ನು ನೋಡುತ್ತಲೇ ಇದ್ದವು. ಬ್ಯಾಟ್ರಿ ಎರಡು ಅಡಿ ಮೇಲೆ ಬಂದದ್ದಷ್ಟೇ ವ್ಯತ್ಯಾಸ.

ಅದೇ ರಾತ್ರಿ ಇನ್ನೊಂದು ಮಾತು ಹೇಳಿದ್ದ. ತುಸು ದೂರದಲ್ಲಿ ಒಣ ದರಕಿನ ಮೇಲೆ ಏನೋ ನಡೆದ ಸದ್ದಾಯಿತು. ನಾನು ಬೆಳಕು ಬಿಟ್ಟೆ, ಕಣ್ಣು ಕಾಣಲಿಲ್ಲ. ಏನಿಲ್ಲ ಎಂದೆ. "ಹಂದಿ ಇಕ್ಕು. ಹಂದಿ ಕಣ್ಣು ಹೊಳೀತಿಲ್ಲೆ. ಹೊಳೀದೆ ಇದ್ದದ್ದಕ್ಕೆ ಯಾರೂ ಇಲ್ಲೆ ಹೇಳಿ ತಿಳ್ಕಳಡ" ಎಂದು ನನ್ನ ಭುಜ ಹಿಡಿದು ಹಿಂದಕ್ಕೆ ಎಳೆದುಕೊಂಡ.

ಇವೆರಡರ ಕಾರಣ ಗೊತ್ತಾದದ್ದು ಇಂಜಿನಿಯರಿಂಗ್ ಓದುವಾಗ. ಬೆಕ್ಕು, ದನ, ಚಿರತೆಯಂಥ ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇದೆ. ಒಳಗೆ ಹೋದ ಬೆಳಕು ಒಮ್ಮೆ ಅಕ್ಷಿಪಟಲ ದಾಟಿ, ಆ ಪದರಕ್ಕೆ ತಾಗಿ, ಮತ್ತೊಮ್ಮೆ ಅಕ್ಷಿಪಟಲದ ಮೂಲಕ ವಾಪಸು ಬರುತ್ತದೆ. ಕತ್ತಲೆಯಲ್ಲಿ ಒಂದೇ ಬೆಳಕನ್ನು ಎರಡು ಸಲ ಬಳಸಿಕೊಳ್ಳುವ ಉಪಾಯ. ಹಂದಿಗೂ ಮನುಷ್ಯನಿಗೂ ಮಂಗನಿಗೂ ಆ ಪದರ ಇಲ್ಲ. ಇನ್ನು, ಹಾಗೆ ವಾಪಸು ಬರುವ ಬೆಳಕು ಎಲ್ಲ ಕಡೆ ಚೆಲ್ಲುವುದಿಲ್ಲ. ಕಣ್ಣಿನ ಮಸೂರ ಅದನ್ನು ಬಂದ ದಾರಿಯಲ್ಲೇ ತಿರುಗಿ ಕಳಿಸುತ್ತದೆ. ಬೆಳಕು ಹೊರಟ ಜಾಗದ ಪಕ್ಕದಲ್ಲೇ ನಿಮ್ಮ ಕಣ್ಣಿದ್ದರೆ ಮಾತ್ರ ಅದು ನಿಮಗೆ ಸಿಗುತ್ತದೆ. ಸೊಂಟದಿಂದ ಹೊರಟ ಬೆಳಕು ಸೊಂಟಕ್ಕೇ ಬರುತ್ತದೆ, ಸೊಂಟಕ್ಕೆ ಕಣ್ಣಿಲ್ಲ.

ಮನುಷ್ಯನ ಪಾಪೆ ಕಪ್ಪಗೆ ಕಾಣುವುದೂ ಇದೇ ಲೆಕ್ಕದಲ್ಲಿ. ಒಳಗಿನಿಂದ ಸ್ವಲ್ಪವಾದರೂ ಬೆಳಕು ವಾಪಸು ಬರುತ್ತಿರುತ್ತದೆ. ಅದನ್ನು ಹಿಡಿಯಲು ದೀಪ ಇರುವ ದಾರಿಯಲ್ಲೇ ನಮ್ಮ ತಲೆ ಇಡಬೇಕು. ಇಟ್ಟರೆ ತಲೆಯೇ ದೀಪಕ್ಕೆ ಅಡ್ಡ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಇದಕ್ಕೊಂದು ದಾರಿ ಪ್ರಕಟಿಸಿದ. ಓರೆಯಾಗಿ ಹಿಡಿದ ಗಾಜಿನ ಫಲಕಗಳು: ಪಕ್ಕದ ದೀಪದ ಬೆಳಕು ಗಾಜಿಗೆ ತಾಗಿ ರೋಗಿಯ ಕಣ್ಣಿಗೆ ಹೋಗುತ್ತದೆ, ವಾಪಸು ಬಂದದ್ದು ಅದೇ ಗಾಜಿನ ಮೂಲಕ ವೈದ್ಯನ ಕಣ್ಣಿಗೆ ಬರುತ್ತದೆ. ಬದುಕಿರುವ ಮನುಷ್ಯನ ಕಣ್ಣಿನ ಒಳಗೋಡೆಯನ್ನು ವೈದ್ಯರು ನೋಡಲು ಶುರುಮಾಡಿದ್ದು ಹೀಗೆ. ಪುಣೆಯ ಡಾಕ್ಟರು ಹಣೆಗೆ ದೀಪ ಕಟ್ಟಿಕೊಂಡದ್ದೂ ಅಪ್ಪಯ್ಯ ಬ್ಯಾಟ್ರಿಯನ್ನು ಕಿವಿಯ ಪಕ್ಕಕ್ಕೆ ಎತ್ತಿಸಿದ್ದೂ ಒಂದೇ ವಿದ್ಯೆ. ನಾವಿಬ್ಬರೂ ರಿಕ್ಷಾದಲ್ಲಿ ನಕ್ಕದ್ದು ಇದಕ್ಕೆ.

ನಮ್ಮ ನೈಯಾಯಿಕರಿಗೂ ಈ ಹೊಳೆಯುವ ಕಣ್ಣು ತಲೆ ಕೆಡಿಸಿತ್ತು. ಕಣ್ಣಿನಿಂದಲೇ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ, ಆಗ ನೋಟ ಆಗುತ್ತದೆ ಎಂಬುದು ಅವರ ವಾದ. ಅದಕ್ಕೆ ಸಾಕ್ಷಿಯಾಗಿ ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ ರಾತ್ರಿ ಸಂಚರಿಸುವ ಪ್ರಾಣಿಗಳ ಕಣ್ಣಿನಲ್ಲಿ ಕಾಣುವ ಕಿರಣವನ್ನೇ ಎತ್ತಿ ತೋರಿಸುತ್ತಾರೆ. ಗ್ರೀಕರಲ್ಲೂ ಇಂಥ ವಾದವಿತ್ತು. ಬೆಳಕು ಕಣ್ಣಿನೊಳಗೆ ಬರುತ್ತದೆ, ಕಣ್ಣಿನಿಂದ ಹೊರಡುವುದಿಲ್ಲ ಎಂದು ಹನ್ನೊಂದನೆಯ ಶತಮಾನದಲ್ಲಿ ಇಬ್ನ್ ಅಲ್ ಹೈತಮ್ ವಿವರವಾಗಿ ಬರೆದ. ಆದರೂ ಹಳೆಯ ನಂಬಿಕೆ ನಮ್ಮ ಮಾತಿನಲ್ಲಿ ಉಳಿದಿದೆ. ಕಣ್ಣು ಹಾಕಿದ, ದೃಷ್ಟಿ ತಾಗಿತು, ಕಣ್ಣಲ್ಲೇ ಸುಟ್ಟುಬಿಟ್ಟ. ಹೊಳೆಯುವ ಕಣ್ಣು ಕಂಡಾಗ, ಆ ಬೆಳಕು ಅದರದ್ದೇ ಎಂದು ಮನಸ್ಸು ತಕ್ಷಣ ಒಪ್ಪಿಬಿಡುತ್ತದೆ. ವೈಜ್ಞಾನಿಕ ಸಿನಿಮಾಗಳು ಬಂಡವಾಳ ಮಾಡಿಕೊಂಡದ್ದು ಇದೇ ನಂಬಿಕೆಯನ್ನು.

*

ಎರಡು ಸಿನಿಮಾ ಸಾಕು. ಮೊದಲನೆಯದು 1968ರ '2001: ಎ ಸ್ಪೇಸ್ ಒಡಿಸ್ಸಿ', ಸ್ಟ್ಯಾನ್ಲಿ ಕುಬ್ರಿಕ್‌ನದು. ಶುರುವಿನಲ್ಲಿ, ಮನುಷ್ಯ ಇನ್ನೂ ಮನುಷ್ಯನಾಗದ ಕಾಲದಲ್ಲಿ, ಸತ್ತು ಬಿದ್ದ ಜೀಬ್ರಾದ ಪಕ್ಕ ಒಂದು ಚಿರತೆ ಕೂತಿರುತ್ತದೆ. ಅದು ಕ್ಯಾಮೆರಾದತ್ತ ತಿರುಗಿದಾಗ ಕಣ್ಣೆರಡೂ ದೀಪ ಹಚ್ಚಿದಂತೆ ಹೊಳೆಯುತ್ತವೆ. ನೋಡಿದವರಿಗೆ ಮೈ ಜುಂ ಎನ್ನುತ್ತದೆ. ಅದನ್ನು ಚಿತ್ರಿಸಿದ್ದು ಆಫ್ರಿಕಾದಲ್ಲಲ್ಲ, ಲಂಡನ್ ಹತ್ತಿರದ ಸ್ಟುಡಿಯೋದಲ್ಲಿ. ಆಫ್ರಿಕಾದಲ್ಲಿ ತೆಗೆದ ಫೋಟೋವನ್ನು ಪ್ರೊಜೆಕ್ಟರಿನಿಂದ ಹಿಂದಿನ ದೊಡ್ಡ ಪರದೆಯ ಮೇಲೆ ಬಿಟ್ಟಿದ್ದರು. ಆ ಪರದೆಗೆ ಅಂಟಿಸಿದ್ದು ಸಣ್ಣ ಗಾಜಿನ ಮಣಿಗಳ ಹಾಳೆ. ಇವತ್ತು ಹೆದ್ದಾರಿಯ ಫಲಕಗಳಲ್ಲಿ, ಟ್ರಾಫಿಕ್ ಪೊಲೀಸರ ಜಾಕೆಟ್ಟಿನಲ್ಲಿ ಕಾಣುವ ಜಾತಿಯದ್ದು. ಅದೂ ಬೆಳಕನ್ನು ಬಂದ ದಾರಿಗೇ ವಾಪಸು ಕಳಿಸುತ್ತದೆ. ಹಾಗಾಗಿ ಕ್ಯಾಮೆರಾದ ಮುಂದೆ ಓರೆಯಾಗಿ ಅರೆಪಾರದರ್ಶಕ ಕನ್ನಡಿ ಇಟ್ಟು, ಪ್ರೊಜೆಕ್ಟರಿನ ಬೆಳಕನ್ನು ಕ್ಯಾಮೆರಾದ ನೋಟದ ದಾರಿಯಲ್ಲೇ ಕಳಿಸಿದರು. ನಟರ ಮೈಮೇಲೆ ಬಿದ್ದ ಬೆಳಕು ತೀರ ಮಂದ, ಕಾಣುವುದಿಲ್ಲ. ಪರದೆಯ ಮೇಲೆ ಬಿದ್ದದ್ದು ಮಾತ್ರ ಪ್ರಖರವಾಗಿ ವಾಪಸು ಬರುತ್ತದೆ. ಪರದೆಯ ಜೊತೆಗೆ ಇನ್ನೊಂದೂ ಬೆಳಕನ್ನು ವಾಪಸು ಕಳಿಸಿತು: ಚಿರತೆಯ ಕಣ್ಣು. ನಮ್ಮ ತೋಟದ ಕಬ್ಬೆಕ್ಕಿನ ಹಾಗೆ.

ಅದೇ ಸಿನಿಮಾದಲ್ಲಿ ಮುಂದೆ ಹ್ಯಾಲ್ ಎಂಬ ಗಣಕ ಬರುತ್ತದೆ. ಅದಕ್ಕೆ ಮುಖವಿಲ್ಲ. ನೌಕೆಯ ಗೋಡೆಗಳಲ್ಲಿ ಅಲ್ಲಲ್ಲಿ ಒಂದು ದುಂಡು ಮಸೂರ, ಒಳಗೆ ಕೆಂಪು ಬೆಳಕು, ನಡುವೆ ಹಳದಿ ಬೊಟ್ಟು. ಈ ಕಣ್ಣು ಚಿರತೆಯದರ ಹಾಗಲ್ಲ. ಇದರ ಬೆಳಕು ಇದರದ್ದೇ, ಎದುರಿಗೆ ಯಾರಿದ್ದರೂ ಇಲ್ಲದಿದ್ದರೂ ಉರಿಯುತ್ತದೆ. ಚದುರಂಗ ಆಡುವಾಗ ಎಷ್ಟು ಉರಿಯಿತೋ, ನಿದ್ರೆಯಲ್ಲಿದ್ದ ಮೂವರು ಯಾತ್ರಿಕರ ಉಸಿರು ನಿಲ್ಲಿಸುವಾಗಲೂ ಅಷ್ಟೇ. ಇಬ್ಬರು ಯಾತ್ರಿಕರು ಅದಕ್ಕೆ ಕೇಳಿಸದಂತೆ ಸಣ್ಣ ನೌಕೆಯೊಳಗೆ ಕೂತು ಮಾತಾಡಿದಾಗ, ಗಾಜಿನ ಆಚೆಯಿಂದ ಅವರ ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತದೆ. ಆ ದೃಶ್ಯದಲ್ಲಿ ಒಂದು ಶಬ್ದವೂ ಇಲ್ಲ. ಹ್ಯಾಲ್ ತುಟಿಯನ್ನು ತಪ್ಪಾಗಿ ಓದಲಿಲ್ಲ. ಆದರೆ ಅವರಿಗೆ ಯಾಕೆ ಹೆದರಿಕೆಯಾಯಿತು ಎಂದು ಕೇಳುವ ಗೋಜಿಗೆ ಹೋಗಲಿಲ್ಲ.

ಎರಡನೆಯದು ಬ್ಲೇಡ್ ರನ್ನರ್. ಫಿಲಿಪ್ ಕೆ. ಡಿಕ್‌ನ 1968ರ ಕಾದಂಬರಿ ಮೂಲ. ಕತೆ ನಡೆಯುವುದು 2019ರ ನವೆಂಬರಿನ ಲಾಸ್ ಏಂಜಲೀಸ್‌ನಲ್ಲಿ. ಮನುಷ್ಯರಂತೆಯೇ ಇರುವ, ಕಾರ್ಖಾನೆಯಲ್ಲಿ ತಯಾರಾದ ರೆಪ್ಲಿಕಂಟ್‌ಗಳು ಅಲ್ಲಿ ಕೂಲಿಗಳು. ಭೂಮಿಗೆ ತಪ್ಪಿಸಿಕೊಂಡು ಬಂದವರನ್ನು ಹುಡುಕಿ ಕೊಲ್ಲುವುದು ನಾಯಕ ಡೆಕರ್ಡ್‌ನ ಕೆಲಸ. ಸಿನಿಮಾ ತುಂಬ ಕಣ್ಣು. ಶುರುವಿನಲ್ಲೇ ಇಡೀ ಪರದೆ ತುಂಬುವ ಒಂದು ಕಣ್ಣು, ಅದರಲ್ಲಿ ನಗರದ ಬೆಂಕಿ ಪ್ರತಿಫಲಿಸುತ್ತದೆ. ಹಿಮಗಟ್ಟಿದ ಅಂಗಡಿಯಲ್ಲಿ ಕೂತು ಕಣ್ಣು ತಯಾರಿಸುವ ಮುದುಕನೊಬ್ಬನಿದ್ದಾನೆ. ಕೂಲಿಗಳ ನಾಯಕ ರಾಯ್ ಅವನ ಹತ್ತಿರ ಹೋಗಿ, ನೀನು ಮಾಡಿಕೊಟ್ಟ ಕಣ್ಣಲ್ಲಿ ನಾನು ಕಂಡದ್ದನ್ನು ನೀನು ಕಂಡಿದ್ದರೆ ಎಂಬ ಅರ್ಥದ ಮಾತಾಡುತ್ತಾನೆ. ರೆಪ್ಲಿಕಂಟ್‌ಗಳ ಒಡೆಯ ಟೈರೆಲ್‌ನ ಕನ್ನಡಕ ಬಾಟಲಿ ತಳದಷ್ಟು ದಪ್ಪ. ಅವನು ಸಾಯುವುದೂ ತಾನು ಸೃಷ್ಟಿಸಿದವನ ಹೆಬ್ಬೆರಳು ಕಣ್ಣಿಗಿಳಿದೇ.

ಈ ಚಿತ್ರದಲ್ಲಿ ಅಲ್ಲಲ್ಲಿ ರೆಪ್ಲಿಕಂಟ್‌ಗಳ ಪಾಪೆ ಕಿತ್ತಳೆ ಬಣ್ಣದಲ್ಲಿ ಮಂದವಾಗಿ ಹೊಳೆಯುತ್ತದೆ. ಛಾಯಾಗ್ರಾಹಕ ಜೋರ್ಡನ್ ಕ್ರಾನೆನ್ವೆತ್ ಅದನ್ನು ಸಾಧಿಸಿದ್ದು ಕ್ಯಾಮೆರಾದ ಮುಂದೆ ನಲವತ್ತೈದು ಡಿಗ್ರಿಗೆ ಅರೆಕನ್ನಡಿ ಇಟ್ಟು, ಪಕ್ಕದಿಂದ ಸಣ್ಣ ಬೆಳಕನ್ನು ಅದಕ್ಕೆ ತಾಗಿಸಿ. ಹೆಲ್ಮ್‌ಹೋಲ್ಟ್ಸ್‌ನ ಉಪಕರಣದ ತತ್ವವೇ. ಹಾಗಾಗಿ ಅಪ್ಪಯ್ಯನ ಪ್ರಶ್ನೆಗೆ ಉತ್ತರ: ಬ್ಯಾಟ್ರಿ ಹಿಡಿದವ ಕ್ಯಾಮೆರಾದ ಪಕ್ಕದಲ್ಲೇ ನಿಂತಿದ್ದ. ಅಂದರೆ ನೋಡುವ ನಾವು ಎಲ್ಲಿದ್ದೇವೋ ಅಲ್ಲಿ.

ತಮಾಷೆಯೆಂದರೆ ಚಿತ್ರದೊಳಗಿನ ಯಾರೂ ಆ ಹೊಳಪಿನ ಸುದ್ದಿ ಎತ್ತುವುದಿಲ್ಲ. ಅವರಿಗೆ ಅದು ಕಂಡಿದ್ದರೆ ರೆಪ್ಲಿಕಂಟ್ ಯಾರು, ಮನುಷ್ಯ ಯಾರು ಎಂದು ಪರೀಕ್ಷೆ ಮಾಡಬೇಕಾಗಿಯೇ ಇರಲಿಲ್ಲ. ಅದು ಕಾಣುವುದು ಕ್ಯಾಮೆರಾದ ಜಾಗದಲ್ಲಿ ಕೂತ ನಮಗೆ ಮಾತ್ರ. ಇನ್ನೂ ತಮಾಷೆಯೆಂದರೆ ಒಂದು ದೃಶ್ಯದಲ್ಲಿ, ಟೈರೆಲ್‌ನ ಬಳಿಯಿರುವ ರೇಚಲ್ ಎಂಬ ಹುಡುಗಿಯ ಹಿಂದೆ ಮಸುಕಾಗಿ ನಿಂತ ಡೆಕರ್ಡ್‌ನ ಕಣ್ಣೂ ಹಾಗೇ ಹೊಳೆಯುತ್ತದೆ. ಹಾಗಾದರೆ ಅವನೂ ಒಬ್ಬ ರೆಪ್ಲಿಕಂಟೋ ಎಂದು ನಲವತ್ತು ವರ್ಷದಿಂದ ಜನ ಜಗಳವಾಡುತ್ತಿದ್ದಾರೆ. ಹಾಸ್ಟೆಲಿನಲ್ಲಿ ನಾನೂ ಬೆಳಗಿನ ಜಾವದವರೆಗೆ ಆಡಿದ್ದೇನೆ.

*

ಅಪ್ಪಯ್ಯನಿಗೆ ಇಷ್ಟನ್ನು ನನಗೆ ಬಂದ ಹಾಗೆ ಹೇಳುತ್ತಿದ್ದೆ. ಸಿನಿಮಾ ಮುಂದುವರಿಯುತ್ತಿತ್ತು. ಗೂಬೆಯ ನಂತರ ಬರುವುದು ರೇಚಲ್‌ಳ ಪರೀಕ್ಷೆ. ಒಂದು ಯಂತ್ರ ಅವಳ ಪಾಪೆಯನ್ನು ದೊಡ್ಡದಾಗಿ ತೋರಿಸುತ್ತದೆ. ಡೆಕರ್ಡ್ ಪ್ರಶ್ನೆ ಕೇಳುತ್ತ ಪಾಪೆ ಹೇಗೆ ಹಿಗ್ಗುತ್ತದೆ ನೋಡುತ್ತಾನೆ. ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಪ್ರಶ್ನೆಗೆ ತೀರ್ಮಾನ ಆಗುತ್ತದೆ. ಇವಳಿಗೆ ನೂರಕ್ಕೂ ಹೆಚ್ಚು ಬೇಕಾಗುತ್ತದೆ. ತಾನು ರೆಪ್ಲಿಕಂಟ್ ಎಂಬುದು ಅವಳಿಗೇ ಗೊತ್ತಿಲ್ಲ.

ಪರೀಕ್ಷೆಗೆ ಮುಂಚೆ ಒಂದು ಸಣ್ಣ ಸಂಗತಿ ನಡೆಯುತ್ತದೆ. ದೊಡ್ಡ ಕಿಟಕಿಯಿಂದ ಸಂಜೆಬಿಸಿಲು ಕೋಣೆ ತುಂಬಿರುತ್ತದೆ. ಬೆಳಕು ಹೆಚ್ಚಾಯಿತು ಎನ್ನುತ್ತಾನೆ ಡೆಕರ್ಡ್. ಟೈರೆಲ್ ಕಿಟಕಿಗೆ ಮೇಲಿನಿಂದ ನೆರಳು ಇಳಿಸುತ್ತಾನೆ. ಕೋಣೆ ಮಬ್ಬಾಗುತ್ತದೆ. ಆಮೇಲೆ ಪರೀಕ್ಷೆ.

ಅಷ್ಟು ಸಲ ನೋಡಿದ ಸಿನಿಮಾ. ಆ ನೆರಳು ಇಳಿಯುವುದನ್ನು ಅಷ್ಟೇ ಸಲ ನೋಡಿದ್ದೆ, ಚಂದ ಛಾಯಾಗ್ರಹಣ ಎಂದುಕೊಂಡಿದ್ದೆ. ಅವತ್ತು ಮಾತ್ರ ರಿಮೋಟ್ ಒತ್ತಿ ನಿಲ್ಲಿಸಿದೆ.

2020ರ ಜುಲೈ. ನಮ್ಮ ತಂಡದಲ್ಲಿ ಇಪ್ಪತ್ತಾರು ಜನ, ಎಲ್ಲರೂ ಅವರವರ ಊರು ಸೇರಿದ್ದರು. ಮನೆಯಿಂದ ಜನ ಕೆಲಸ ಮಾಡುತ್ತಿದ್ದಾರೋ ಇಲ್ಲವೋ ಎಂಬ ಅನುಮಾನ ಮೇಲಿನವರಿಗೆ. ಒಂದು ಸಾಫ್ಟ್‌ವೇರ್ ತಂದರು. ಅದು ಲ್ಯಾಪ್‌ಟಾಪಿನ ಕ್ಯಾಮೆರಾದಿಂದ ಆಗಾಗ ಚಿತ್ರ ತೆಗೆದು, ಎದುರಿಗೆ ಮುಖವಿದೆಯೇ, ಕಣ್ಣು ಪರದೆಯ ಕಡೆಗಿದೆಯೇ ಎಂದು ಲೆಕ್ಕ ಹಾಕುತ್ತಿತ್ತು. ವಾರಕ್ಕೊಮ್ಮೆ ನನಗೊಂದು ವರದಿ: ಹಸಿರು, ಹಳದಿ, ಕೆಂಪು. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಇರಲಿಲ್ಲ. ಮ್ಯಾನೇಜರುಗಳಿಗೆ ವಿನಾಯಿತಿ. ಬ್ಲೇಡ್ ರನ್ನರ್‌ನಲ್ಲಿ ರೇಚಲ್ ಒಂದು ಕಡೆ ಡೆಕರ್ಡ್‌ನನ್ನು, ಈ ಪರೀಕ್ಷೆ ನೀನು ತೆಗೆದುಕೊಂಡಿದ್ದೀಯಾ ಎಂದು ಕೇಳುತ್ತಾಳೆ. ಅವನು ಉತ್ತರ ಕೊಡುವುದಿಲ್ಲ, ನಿದ್ದೆ ಹೋಗಿರುತ್ತಾನೆ.

ತಂಡದಲ್ಲಿ ಸಾತಾರಾ ಜಿಲ್ಲೆಯ ಹಳ್ಳಿಯ ಒಬ್ಬ ಹುಡುಗನಿದ್ದ. ಎರಡು ವರ್ಷದ ಅನುಭವ, ಟೆಸ್ಟಿಂಗ್ ಕೆಲಸ. ಅವನ ಸಾಲು ಮೂರು ವಾರ ಸತತ ಕೆಂಪು. ಪರದೆಯತ್ತ ದೃಷ್ಟಿ: ಶೇಕಡಾ 38. ಪಕ್ಕದ ಅಂಕಣದಲ್ಲಿ ಅವನು ಹಿಡಿದ ತಪ್ಪುಗಳ ಸಂಖ್ಯೆ ಇತ್ತು, ಅದು ಉಳಿದವರಿಗಿಂತ ಕಡಿಮೆಯಿರಲಿಲ್ಲ. ನಾನು ಬಣ್ಣ ಇದ್ದ ಅಂಕಣ ನಂಬಿದೆ.

ಅವನನ್ನು ವಿಡಿಯೋ ಕರೆಗೆ ಕರೆದೆ. ಹಿಂದೆ ದೊಡ್ಡ ಕಿಟಕಿ, ಅದರಾಚೆ ಕಣ್ಣು ಕುಕ್ಕುವ ಬೆಳಕು. ಅವನ ಮುಖ ಕಪ್ಪು ಕಾಗದ ಕತ್ತರಿಸಿ ಅಂಟಿಸಿದಂತೆ. ನಾಲ್ಕು ಪ್ರಶ್ನೆ ಕೇಳಿದೆ. ನಿಧಾನವಾಗಿ ಉತ್ತರ ಕೊಟ್ಟ. ಮಾತಿನ ನಡುವೆ, "ಕ್ಯಾಮೆರಾ ನೋಡಿ ಮಾತಾಡು" ಎಂದೆ. "ನೋಡ್ತಾನೇ ಇದ್ದೀನಿ ಸರ್" ಎಂದ. ಹತ್ತು ನಿಮಿಷಕ್ಕೆ ಕರೆ ಮುಗಿಯಿತು. ಗಮನ ಕಡಿಮೆ ಎಂದು ಬರೆದೆ. ಸೆಪ್ಟೆಂಬರಿನಲ್ಲಿ ಖರ್ಚು ಇಳಿಸಬೇಕೆಂದು ಮೂರು ಹೆಸರು ಕೇಳಿದರು. ಕೊಟ್ಟೆ. ಅವನದೂ ಒಂದು. ಅವನಿಗೆ ಹೇಳುವ ಕೆಲಸವೂ ನನ್ನದಾಗಿರಲಿಲ್ಲ, ಬೇರೆ ವಿಭಾಗದವರು ಮಾಡಿದರು.

ಈಗ ಹೇಳಬೇಕಾದದ್ದು ಇದು. ನನ್ನ ಎಂಟೆಕ್ ಪ್ರಬಂಧದ ವಿಷಯ ಏನು ಗೊತ್ತೇ? ಕಡಿಮೆ ಬೆಳಕಿನಲ್ಲಿ, ಅಡ್ಡಬೆಳಕಿನಲ್ಲಿ ಗಣಕವು ಮುಖ ಗುರುತಿಸುವುದು. ಆಗ 2001ರಲ್ಲಿ ವಯೋಲಾ ಮತ್ತು ಜೋನ್ಸ್ ಪ್ರಕಟಿಸಿದ್ದ ವಿಧಾನ ಹೊಸದು, ನಾವೆಲ್ಲ ಅದರ ಹಿಂದೆ ಬಿದ್ದಿದ್ದೆವು. ಅದರಲ್ಲಿ ಗಣಕ ಕಣ್ಣನ್ನು ಕಣ್ಣೆಂದು ಹುಡುಕುವುದಿಲ್ಲ. ಕಣ್ಣಿನ ಪಟ್ಟಿ ಕೆಳಗಿನ ಕೆನ್ನೆಗಿಂತ ಕಪ್ಪಗಿದೆಯೇ, ಎರಡು ಕಣ್ಣಿನ ನಡುವಿನ ಮೂಗಿನ ಏರು ಅವೆರಡಕ್ಕಿಂತ ಬೆಳ್ಳಗಿದೆಯೇ ಎಂದು ನೋಡುತ್ತದೆ. ಬೆಳಕು ನೆರಳಿನ ವ್ಯತ್ಯಾಸ, ಅಷ್ಟೇ. ಬೆನ್ನ ಹಿಂದೆ ಕಿಟಕಿ ಇದ್ದರೆ ಕ್ಯಾಮೆರಾ ಕಿಟಕಿಯ ಬೆಳಕಿಗೆ ತನ್ನನ್ನು ಹೊಂದಿಸಿಕೊಂಡು ಮುಖವನ್ನು ಕಪ್ಪು ಮಾಡುತ್ತದೆ. ಕೆನ್ನೆ, ಮೂಗು, ಕಣ್ಣು ಎಲ್ಲ ಒಂದೇ ಕಪ್ಪು. ಗಣಕಕ್ಕೆ ಮುಖವೇ ಸಿಗುವುದಿಲ್ಲ. ನಮ್ಮ ಕಂಪನಿ ತಂದ ಸಾಫ್ಟ್‌ವೇರಿನ ಒಳಗೆ ಯಾವ ವಿಧಾನವಿತ್ತೋ ನಾನು ವಿಚಾರಿಸಲೇ ಇಲ್ಲ. ಆದರೆ ಕಪ್ಪು ಮುಖ ಎಂಥದ್ದಕ್ಕೂ ಕಷ್ಟ. ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಪೂರ್ತಿ ಇದೇ. ಕಿಟಕಿಗೆ ಬೆನ್ನು ಹಾಕಿ ಕೂತ ಗೆಳೆಯರ ಫೋಟೋ ತೆಗೆದು ತೆಗೆದು ಹಾಸ್ಟೆಲಿನಲ್ಲಿ ಎಲ್ಲರನ್ನೂ ಗೋಳು ಹೊಯ್ದುಕೊಂಡಿದ್ದೆ.

ಆ ಕರೆಯಲ್ಲಿ ಹತ್ತು ನಿಮಿಷ ಅದೇ ಚಿತ್ರ ನನ್ನೆದುರು ಇತ್ತು. ಕಿಟಕಿಗೆ ಬೆನ್ನು ಹಾಕಿ ಕೂತ ಹುಡುಗ. ಕಲಿತದ್ದೆಲ್ಲ ಎಲ್ಲಿ ಹೋಗಿತ್ತು? ವರದಿ ಕೆಂಪು ಎಂದಿತ್ತು, ನನಗೆ ಅವನ ಮುಖದಲ್ಲೇ ಸೋಮಾರಿತನ ಕಂಡಿತು. ಕೊಲ್ಲುವ ಕೆಲಸದ ಡೆಕರ್ಡ್ ಕೂಡ ಪರೀಕ್ಷೆಗೆ ಮೊದಲು ಕಿಟಕಿಯ ಬೆಳಕು ಸರಿಮಾಡಿಸಿದ. ನಾನು ಅಷ್ಟನ್ನೂ ಮಾಡಲಿಲ್ಲ.

*

ಟಿವಿ ನಿಂತೇ ಇತ್ತು. "ಎಂತಾತು?" ಎಂದ ಅಪ್ಪಯ್ಯ. ಹೇಳಿದೆ. ಸಾಫ್ಟ್‌ವೇರು, ಶೇಕಡಾವಾರು ಎಂದೆಲ್ಲ ಹೇಳದೆ, ಒಬ್ಬ ಹುಡುಗನ ಮುಖ ಕಾಣಲಿಲ್ಲ, ಅವನು ಕೆಲಸ ಮಾಡುತ್ತಿಲ್ಲ ಎಂದು ಬರೆದೆ, ಅವನ ಕೆಲಸ ಹೋಯಿತು ಎಂದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಕಪ್ಪು ಕನ್ನಡಕದ ಹಿಂದೆ ಅವನ ಕಣ್ಣು ನನಗೂ ಕಾಣುತ್ತಿರಲಿಲ್ಲ.

"ಅವಂಗೆ ಹೇಳಿದ್ಯಾ?" ಎಂದಷ್ಟೇ ಕೇಳಿದ.

ಇಲ್ಲ ಎಂದೆ.

ಅವನ ನಂಬರ್ ಹುಡುಕಲು ಎರಡು ದಿನ ಸಾಕಾಯಿತು. ಫೋನ್ ಮಾಡಲು ಇನ್ನೂ ಒಂಬತ್ತು ದಿನ ಬೇಕಾಯಿತು. ಅವನು ಈಗ ನಾಶಿಕದ ಒಂದು ಕಂಪನಿಯಲ್ಲಿದ್ದಾನೆ. ಸರ್ ಎಂದೇ ಮಾತಾಡಿದ. ಬರೆದುಕೊಂಡಿದ್ದನ್ನು ಓದಿದವನ ಹಾಗೆ ನಾನು ಎಲ್ಲ ಹೇಳಿ ಮುಗಿಸಿದೆ: ವರದಿಯಲ್ಲಿ ಏನಿತ್ತು, ಅದು ಯಾಕೆ ತಪ್ಪಾಗಿತ್ತು, ನಾನು ಏನು ಬರೆದೆ. ಆ ಕಡೆ ಸದ್ದಿಲ್ಲ. ಲೈನ್ ಹೋಯಿತೇನೋ ಎಂದು ಹಲೋ ಎಂದೆ.

"ಇದ್ದೀನಿ ಸರ್" ಎಂದ. ಹಿಂದಿಯಲ್ಲಿ ಅವನು ಹೇಳಿದ್ದರ ಸಾರ ಇಷ್ಟು. ಕ್ಯಾಮೆರಾ ಹಾಗೆ ನೋಡುತ್ತಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಸಹಿ ಹಾಕಿದ ಕಾಗದಗಳಲ್ಲಿ ಎಲ್ಲೋ ಇದ್ದಿರಬೇಕು. ಕೆಲಸ ಸಾಲದು ಎಂದಷ್ಟೇ ಹೇಳಿ ಕಳಿಸಿದ್ದರು. ಎಂಟು ತಿಂಗಳು ಮನೆಯಲ್ಲಿದ್ದ. ಅಷ್ಟು ದಿನವೂ ತಾನು ಎಲ್ಲಿ ತಪ್ಪಿದೆ ಎಂದು ತನ್ನ ಹಳೆಯ ಟೆಸ್ಟ್ ಕೇಸುಗಳನ್ನೇ ನೆನೆಸಿಕೊಳ್ಳುತ್ತಿದ್ದ. "ನನ್ನ ಕೆಲಸವೇ ಚೆನ್ನಾಗಿರಲಿಲ್ಲ ಅಂದ್ಕೊಂಡಿದ್ದೆ ಸರ್."

ನಾನು ಏನೋ ಹೇಳಬೇಕೆಂದು, ಕಿಟಕಿಗೆ ಎದುರಾಗಿ ಕೂತಿದ್ದರೆ ಎಂದು ಬಾಯಿ ತೆರೆದೆ. ಅಲ್ಲೂ ಮ್ಯಾನೇಜರೇ.

"ಮನೇಲಿ ನೆಟ್‌ವರ್ಕ್ ಸಿಗ್ತಿದ್ದದ್ದು ಆ ಕಿಟಕಿ ಹತ್ರ ಮಾತ್ರ ಸರ್. ಮೊಬೈಲ್ ಕಿಟಕಿ ಮೇಲಿಟ್ಟು ಹಾಟ್‌ಸ್ಪಾಟ್ ಹಾಕಿ, ಅದೇ ಗೋಡೆಗೆ ಒರಗಿ ನೆಲದ ಮೇಲೆ ಕೂತ್ಕೊಳ್ತಿದ್ದೆ. ಆಗ ಕೇಳಿದ್ರೆ ಹೇಳ್ತಿದ್ದೆ."

ಪರವಾಗಿಲ್ಲ ಸರ್ ಎಂದು ಅವನು ಹೇಳಲಿಲ್ಲ. ಹೇಳಬಾರದಿತ್ತು, ಹೇಳದಿದ್ದದ್ದು ಒಳ್ಳೆಯದಾಯಿತು. ಹತ್ತೂವರೆಗೆ ಮೀಟಿಂಗ್ ಇದೆ ಎಂದು ಇಟ್ಟ.

ಆ ಸಾಫ್ಟ್‌ವೇರನ್ನು ನಮ್ಮಲ್ಲಿ ವರ್ಷದೊಳಗೆ ತೆಗೆದುಹಾಕಿದ್ದರು, ಯಾರದೋ ಒಳ್ಳೆಯತನಕ್ಕಲ್ಲ, ದುಬಾರಿಯೆಂದು. ನಾನು ಈಗ ಮೇಲಿನವರಿಗೆ ಒಂದು ಉದ್ದ ಪತ್ರ ಬರೆದೆ. ಹಳೆಯ ಕಡತದಲ್ಲಿ ಸೇರಿಸಿದ್ದೇವೆ ಎಂದು ಎರಡು ಸಾಲಿನ ಉತ್ತರ ಬಂತು. ಅದರಿಂದ ಅವನ ಎಂಟು ತಿಂಗಳು ವಾಪಸು ಬರುವುದಿಲ್ಲ ಎಂಬುದು ನನಗೂ ಗೊತ್ತು.

ಅಪ್ಪಯ್ಯ ಅಷ್ಟರಲ್ಲಿ ಊರಿಗೆ ಹೋಗಿಯಾಗಿತ್ತು. ಭಾನುವಾರ ಸಂಜೆ ಎಂದಿನಂತೆ ವಿಡಿಯೋ ಕರೆ ಮಾಡಿದ. ಕಣ್ಣಿನ ಸುದ್ದಿ, ಕೊನೆಕೊಯ್ಲಿನ ಸುದ್ದಿ, ಈ ವರ್ಷದ ಕೊಳೆರೋಗದ ಸುದ್ದಿ ಆದ ಮೇಲೆ ಕೇಳಿದ: "ಆ ಹುಡುಗಂಗೆ ಫೋನ್ ಮಾಡಿದ್ಯಾ?"

ಮಾಡಿದೆ ಎಂದೆ. ಕಿಟಕಿಯ ವಿಷಯ ಹೇಳಿದೆ.

"ಹೌದು ಮತ್ತೆ" ಎಂದ. "ನಮ್ಮನೇಲೂ ನೆಟ್‌ವರ್ಕ್ ಕಿಟಕಿ ಹತ್ರನೇ ಬತ್ತು."

ಆಗ ನನ್ನ ಮೊಬೈಲಿನ ಪರದೆ ನೋಡಿದೆ. ತೋಟದ ಕಡೆಯ ಕಿಟಕಿ, ಅದರಲ್ಲಿ ಅಡಿಕೆ ಮರಗಳ ಮೇಲಿನ ಸಂಜೆಬೆಳಕು, ಅದಕ್ಕೆ ಬೆನ್ನು ಹಾಕಿ ಕೂತ ಅಪ್ಪಯ್ಯ. ಮುಖವೆಲ್ಲ ಕಪ್ಪು. ಕಣ್ಣು, ಮೂಗು, ಕೆನ್ನೆ ಒಂದೂ ತಿಳಿಯುತ್ತಿರಲಿಲ್ಲ. ಎಷ್ಟೋ ವರ್ಷದಿಂದ ಪ್ರತಿ ಭಾನುವಾರ ನಾನು ಅವನನ್ನು ನೋಡುತ್ತಿರುವುದು ಹೀಗೆಯೇ. ಅವನು ನನ್ನನ್ನು ನೋಡುತ್ತಿಲ್ಲ ಎಂದು ಒಂದು ದಿನವೂ ಅನ್ನಿಸಿರಲಿಲ್ಲ.